ಗಡಿನಾಡಿನ ರೈತ, 6ನೇ ಮಿನ್ನೆಸೋಟದ ಸಿಪಾಯಿ: ಮನೆತನದ ದಾಖಲೆ ಹುಡುಕುವ ಬಗೆ

ಪ್ರಶ್ನೆ: ನಮ್ಮ ಅಳಿಯ ಅಮೆರಿಕದ ಮಿನ್ನೆಸೋಟದವರು. ಅವರ ಅಜ್ಜನ ಅಜ್ಜ ನಾರ್ವೆಯಿಂದ ಬಂದು ಹುಲ್ಲುಗಾವಲಿನ ಗಡಿಯಲ್ಲಿ ಬೇಸಾಯ ಹೂಡಿದ್ದರಂತೆ, 1862ರಲ್ಲಿ ಸ್ವಯಂಸೇವಕ ಸಿಪಾಯಿಯಾಗಿ ಸೈನ್ಯ ಸೇರಿದರಂತೆ. ಗೋರಿಕಲ್ಲಿನ ಮೇಲೆ ಹೆಸರಿನ ಕೆಳಗೆ ಕಂಪನಿಯ ಅಕ್ಷರ ಮತ್ತು ‘6 ಮಿನ್. ಇನ್ಫ್.’ ಎಂದಷ್ಟೇ ಇದೆ. ಯುದ್ಧಕ್ಕೆ ಹೋದದ್ದಕ್ಕೆ ಸರ್ಕಾರ 160 ಎಕರೆ ಕೊಟ್ಟಿತು ಎಂದು ಆ ಮನೆಯವರು ಹೇಳುತ್ತಾರೆ. ಮೊಮ್ಮಗಳು ಎರಡೂ ಕಡೆಯ ವಂಶಾವಳಿ ಬರೆಯುತ್ತಿದ್ದಾಳೆ. ನಮ್ಮ ಕಡೆಯದನ್ನು ನಾನು ಹೇಳಿದೆ. ಆ ಕಡೆಯದನ್ನು ಎಲ್ಲಿಂದ ಶುರು ಮಾಡಬೇಕು? ಜಮೀನಿನ ಮಾತು ನಿಜವೇ?

ಉತ್ತರ: ಜಮೀನಿನ ಮಾತಿನಲ್ಲಿ ಅರ್ಧ ನಿಜವಿದೆ. ಹಿಂದಿನ ಯುದ್ಧಗಳಲ್ಲಿ, ಅಂದರೆ ಸ್ವಾತಂತ್ರ್ಯ ಸಮರ, 1812ರ ಯುದ್ಧ, ಮೆಕ್ಸಿಕೋ ಯುದ್ಧಗಳಲ್ಲಿ, ಸೇವೆ ಮಾಡಿದವರಿಗೆ ಅಮೆರಿಕದ ಸರ್ಕಾರ ಜಮೀನಿನ ವಾರಂಟು, ಅಂದರೆ ಸರ್ಕಾರಿ ಜಮೀನು ಪಡೆಯುವ ಹಕ್ಕಿನ ಚೀಟಿ, ಕೊಡುತ್ತಿತ್ತು. ಆ ಸಾಲಿನ ಕೊನೆಯ ದೊಡ್ಡ ಕಾನೂನು 1855ರದ್ದು. 1861ರಿಂದ 65ರ ಅಂತರ್ಯುದ್ಧದ ಸಿಪಾಯಿಗಳಿಗೆ ಅಂಥ ವಾರಂಟು ಕೊಡಲಿಲ್ಲ. ಅವರಿಗೆ ಸಿಕ್ಕಿದ್ದು ಸಂಬಳ, ಸೇರ್ಪಡೆಯ ಇನಾಮು ಹಣ, ಮುಂದೆ ಪಿಂಚಣಿ. 160 ಎಕರೆ ಬಂದದ್ದು 1862ರ ಮೇ 20ರಂದು ಸಹಿಯಾಗಿ 1863ರ ಜನವರಿ 1ರಿಂದ ಜಾರಿಗೆ ಬಂದ ಹೋಮ್‌ಸ್ಟೆಡ್ ಕಾನೂನಿನಿಂದ. ಇದಕ್ಕೆ ಸಿಪಾಯಿಯೇ ಆಗಿರಬೇಕೆಂದಿರಲಿಲ್ಲ. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು, ಪ್ರಜೆಯಾಗಿರುವವರು ಅಥವಾ ಪ್ರಜೆಯಾಗುವ ಇಚ್ಛೆಯನ್ನು ಬರೆದುಕೊಟ್ಟವರು, ಒಕ್ಕೂಟದ (ಅಂದರೆ ಅಮೆರಿಕದ ಕೇಂದ್ರ ಸರ್ಕಾರದ) ವಿರುದ್ಧ ಆಯುಧ ಹಿಡಿಯದವರು ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ನೆಲ ಉತ್ತರೆ ಹಕ್ಕುಪತ್ರ ಬರುತ್ತಿತ್ತು.

ಸಿಪಾಯಿಗೆ ಪ್ರತ್ಯೇಕವಾಗಿ ಸಿಕ್ಕಿದ ರಿಯಾಯಿತಿ 1872ರ ಜೂನ್‌ನದ್ದು. ಕನಿಷ್ಠ 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದವನು ತನ್ನ ಸೇವಾವಧಿಯನ್ನು ಆ ಐದು ವರ್ಷದಿಂದ ಕಡಿತ ಮಾಡಿಸಿಕೊಳ್ಳಬಹುದಿತ್ತು. ಆದರೂ ಒಂದು ವರ್ಷವಾದರೂ ಜಮೀನಿನ ಮೇಲೆ ಇದ್ದು ಬೇಸಾಯ ಮಾಡಲೇಬೇಕಿತ್ತು. ‘ಯುದ್ಧಕ್ಕೆ ಹೋದದ್ದಕ್ಕೆ ಜಮೀನು’ ಎಂಬ ಮಾತು ಬಹಳ ಮನೆಗಳಲ್ಲಿ ಹುಟ್ಟಿದ್ದು ಈ ರಿಯಾಯಿತಿಯಿಂದ.

ನಿಮ್ಮ ಅಳಿಯನ ಮನೆಯದು ಯಾವ ಬಗೆ ಎಂದು ಖಚಿತಪಡಿಸಿಕೊಳ್ಳಲು ಕಾಸು ಖರ್ಚಾಗುವುದಿಲ್ಲ. ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ತಾಣದಲ್ಲಿ ರಾಜ್ಯ, ಕೌಂಟಿ (ಜಿಲ್ಲೆ), ಹೆಸರು ಕೊಟ್ಟು ಹುಡುಕಿದರೆ ಹಕ್ಕುಪತ್ರದ ಚಿತ್ರವೇ ಸಿಗುತ್ತದೆ. ಅಲ್ಲಿ ‘ಅಥಾರಿಟಿ’ ಎಂಬ ಸಾಲನ್ನು ಮೊದಲು ಓದಿ. 1862ರ ಮೇ 20ರ ಹೋಮ್‌ಸ್ಟೆಡ್ ಎಂಟ್ರಿ ಎಂದಿದ್ದರೆ ವಾಸವಿದ್ದು ಪಡೆದದ್ದು. 1820ರ ಏಪ್ರಿಲ್ 24ರ ಕ್ಯಾಶ್ ಎಂಟ್ರಿ ಎಂದಿದ್ದರೆ ದುಡ್ಡು ಕೊಟ್ಟು ಕೊಂಡದ್ದು. ಸಾಮಾನ್ಯ ದರ ಎಕರೆಗೆ 1.25 ಡಾಲರ್. ಮೊದಲು ಬಂದು ನೆಲೆ ನಿಂತವರು 1841ರ ಕಾನೂನಿನಂತೆ ಕೊಂಡದ್ದೂ, ಹೋಮ್‌ಸ್ಟೆಡ್ಡಿನ ಅವಧಿ ಕಾಯದೆ ನಡುವೆಯೇ ಹಣ ಕಟ್ಟಿ ಮುಗಿಸಿಕೊಂಡದ್ದೂ ಇದೇ ಹೆಸರಿನಡಿ ಬರುತ್ತದೆ.

ಮೂರನೆಯದು 1855ರ ಮಾರ್ಚ್ 3ರ ಸ್ಕ್ರಿಪ್ ವಾರಂಟ್. ವಂಶಾವಳಿ ಬರೆಯುವವರು ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ಈ ಹಕ್ಕುಪತ್ರದಲ್ಲಿ ಇಂಥ ಕ್ಯಾಪ್ಟನ್ನನ ಕಂಪನಿಯ ಇಂಥ ಸಿಪಾಯಿ ಎಂದು ಬರೆದಿರುತ್ತದೆ, ಅದರ ಕೆಳಗೆ ರೈತನ ಹೆಸರಿರುತ್ತದೆ. ಓದಿದ ಕೂಡಲೇ ರೈತನೇ ಸಿಪಾಯಿ ಅನ್ನಿಸುತ್ತದೆ. ಆದರೆ ವಾರಂಟುಗಳನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡಬಹುದಿತ್ತು, ಅವು ಮಾರುಕಟ್ಟೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಹಿಂದಿನ ಯಾವುದೋ ಯುದ್ಧದ ಸಿಪಾಯಿಯ ಅಥವಾ ಅವನ ವಿಧವೆಯ ವಾರಂಟನ್ನು ದಲ್ಲಾಳಿಯಿಂದ ಕಡಿಮೆ ಬೆಲೆಗೆ ಕೊಂಡು ಗಡಿನಾಡಿನ ರೈತರು ಜಮೀನು ಮಾಡಿಕೊಂಡರು. ಅಲ್ಲಿ ಕಾಣುವ ಸಿಪಾಯಿಗೂ ನಿಮ್ಮ ಅಳಿಯನ ಮನೆತನಕ್ಕೂ ನಂಟೇ ಇರಲಾರದು. 1862ರಲ್ಲಿ ಸೇರಿದವನಿಗಂತೂ 1855ರ ಕಾನೂನು ಅನ್ವಯಿಸುವುದಿಲ್ಲ.

ಇನ್ನು ತಾರೀಖು. ಹಕ್ಕುಪತ್ರದ ತಾರೀಖು ಅವರು ಅಲ್ಲಿಗೆ ಬಂದ ತಾರೀಖಲ್ಲ. ಅರ್ಜಿ, ವಾಸ, ಅಂತಿಮ ಸಾಕ್ಷ್ಯ ಎಲ್ಲ ಆದ ಮೇಲೆ ವಾಷಿಂಗ್ಟನ್ನಿನಿಂದ ಪತ್ರ ಬರುವುದಕ್ಕೇ ಒಂದೆರಡು ವರ್ಷ ಹಿಡಿಯುತ್ತಿತ್ತು. 1871ರಲ್ಲಿ ಅರ್ಜಿ ಹಾಕಿ 1874ರಲ್ಲಿ ಹಕ್ಕುಪತ್ರ ಬಂದಿದ್ದರೆ, ಅಲ್ಲಿ ಸೇವೆಯ ಮೂರು ವರ್ಷವನ್ನು ಕಳೆದಿರುವ ಸಾಧ್ಯತೆ ಹೆಚ್ಚು. ಖಚಿತವಾಗುವುದು ಕಡತ ತರಿಸಿದಾಗ. ಹಕ್ಕುಪತ್ರದಲ್ಲಿರುವ ಭೂಕಚೇರಿಯ ಹೆಸರು, ಅಂತಿಮ ಪ್ರಮಾಣಪತ್ರದ ಸಂಖ್ಯೆ, ಜಮೀನಿನ ವಿವರ, ಈ ಮೂರನ್ನೂ ಬರೆದು ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ ಕೇಳಬೇಕು. ಜಮೀನಿನ ವಿವರ ಹೀಗಿರುತ್ತದೆ: ಸೆಕ್ಷನ್ 14ರ ನೈಋತ್ಯ ಕಾಲುಭಾಗ, ಟೌನ್‌ಶಿಪ್ 109 ಉತ್ತರ, ರೇಂಜ್ 30 ಪಶ್ಚಿಮ, 5ನೇ ಪ್ರಿನ್ಸಿಪಲ್ ಮೆರಿಡಿಯನ್. ಟೌನ್‌ಶಿಪ್ ಎಂದರೆ ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕ. ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ, ಅದರ ಕಾಲುಭಾಗ 160. ಆ ಚೌಕ ಉತ್ತರ ದಕ್ಷಿಣವಾಗಿ ಎಷ್ಟನೆಯದು ಎಂಬುದು ಅದರ ಸಂಖ್ಯೆ, ಪೂರ್ವ ಪಶ್ಚಿಮವಾಗಿ ಎಷ್ಟನೆಯದು ಎಂಬುದು ರೇಂಜ್, ರೇಂಜಿನ ಎಣಿಕೆ ಶುರುವಾಗುವ ಗೆರೆ ಮೆರಿಡಿಯನ್.

ಹೋಮ್‌ಸ್ಟೆಡ್ ಕಡತದಲ್ಲಿ ಅರ್ಜಿದಾರನ ಸ್ವಂತ ಹೇಳಿಕೆ, ಇಬ್ಬರು ನೆರೆಯವರ ಸಾಕ್ಷ್ಯ, ಮನೆಯ ಅಳತೆ, ಎಷ್ಟು ಎಕರೆ ಉತ್ತಿದ್ದಾನೆ, ಬಾವಿ, ಕೊಟ್ಟಿಗೆ, ಬೇಲಿ, ಕುಟುಂಬದಲ್ಲಿ ಎಷ್ಟು ಜನ ಎಂಬುದೆಲ್ಲ ಸಿಗುತ್ತದೆ. ವಲಸೆ ಬಂದವನಾದರೆ ಪೌರತ್ವದ ಕಾಗದದ ನಕಲೂ ಇರುತ್ತದೆ. ಸಾಕ್ಷಿಗಳಾಗಿ ಸಹಿ ಹಾಕಿದ ಆ ಇಬ್ಬರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅರ್ಧಕ್ಕೇ ಬಿಟ್ಟುಹೋದ ಅರ್ಜಿಗಳಿಗೆ ಹಕ್ಕುಪತ್ರವಿಲ್ಲ, ಆದ್ದರಿಂದ ಆ ತಾಣದಲ್ಲಿ ಅವು ಕಾಣುವುದಿಲ್ಲ. ರದ್ದಾದ ಕಡತಗಳೂ ಪತ್ರಾಗಾರದಲ್ಲಿವೆ, ಆದರೆ ಅವನ್ನು ಹುಡುಕಲು ಜಮೀನಿನ ವಿವರ ಮೊದಲೇ ತಿಳಿದಿರಬೇಕು.

ಗಂಡ ಸೈನ್ಯದಲ್ಲಿದ್ದಾಗ ಜಮೀನು ಉಳಿದದ್ದು ಹೇಗೆ ಎಂದು ಮೊಮ್ಮಗಳು ಕೇಳಿಯೇ ಕೇಳುತ್ತಾಳೆ. 1864ರ ಮಾರ್ಚ್ 21ರ ತಿದ್ದುಪಡಿಯ ಪ್ರಕಾರ, ಮನೆಯವರು ಯಾರಾದರೂ ಜಮೀನಿನ ಮೇಲೆ ವಾಸವಿದ್ದರೆ ಸಿಪಾಯಿ ತನ್ನ ದಳದ ಅಧಿಕಾರಿಯ ಮುಂದೆಯೇ ಪ್ರಮಾಣ ಮಾಡಿ ಅರ್ಜಿ ಹಾಕಬಹುದಿತ್ತು. ಅಂದರೆ ಹಕ್ಕುಪತ್ರದಲ್ಲಿ ಹೆಸರು ಗಂಡನದ್ದಾದರೂ ಎಷ್ಟೋ ಕಡೆ ಆ ನೆಲವನ್ನು ಹಿಡಿದು ನಿಂತವಳು ಹೆಂಡತಿ. ವಂಶಾವಳಿಯಲ್ಲಿ ಆಕೆಗೆ ಒಂದೇ ಸಾಲು ಕೊಟ್ಟು ಮುಗಿಸಬೇಡಿ.

ಗೋರಿಕಲ್ಲಿನ ‘6 ಮಿನ್. ಇನ್ಫ್.’ ಎಂದರೆ 6ನೇ ಮಿನ್ನೆಸೋಟ ಇನ್ಫೆಂಟ್ರಿ, ಅಂದರೆ ಕಾಲಾಳು ರೆಜಿಮೆಂಟ್. ಅದನ್ನು ಕಟ್ಟಿದ ಸಂದರ್ಭವನ್ನು ತಿಳಿಯದೆ ಈ ಮನೆತನದ ಕಥೆ ಅರ್ಥವಾಗುವುದಿಲ್ಲ. 1862ರ ಜುಲೈನಲ್ಲಿ ಲಿಂಕನ್ ಮೂರು ವರ್ಷದ ಸೇವೆಗೆ 3 ಲಕ್ಷ ಸ್ವಯಂಸೇವಕರನ್ನು ಕೇಳಿದರು. ಸ್ವಯಂಸೇವಕ ಎಂದರೆ ಸಂಬಳವಿಲ್ಲದವನಲ್ಲ. ತಿಂಗಳಿಗೆ 13 ಡಾಲರ್ ಇತ್ತು, 1864ರಲ್ಲಿ 16 ಆಯಿತು. ಕಾಯಂ ಸೈನ್ಯಕ್ಕೆ ಸೇರದೆ, ರಾಜ್ಯ ಕಟ್ಟಿಕೊಟ್ಟ ರೆಜಿಮೆಂಟಿನಲ್ಲಿ ಅವಧಿಗೆ ಸೇರಿದವನು ಎಂದು ಅರ್ಥ. ರೆಜಿಮೆಂಟಿನಲ್ಲಿ ಹತ್ತು ಕಂಪನಿ, ಕಂಪನಿಯಲ್ಲಿ ಸುಮಾರು ನೂರು ಜನ. ಸಾಮಾನ್ಯವಾಗಿ ಒಂದು ಕಂಪನಿ ಒಂದೇ ಸೀಮೆಯದ್ದು, ಆದ್ದರಿಂದ ಗೋರಿಕಲ್ಲಿನ ಮೇಲಿನ ಕಂಪನಿಯ ಅಕ್ಷರ ಬಹಳ ಬೆಲೆಯುಳ್ಳದ್ದು. ಆ ಅಕ್ಷರ ಹಿಡಿದರೆ ಊರು ಸಿಗುತ್ತದೆ, ಭಾವಮೈದುನರೂ ನೆಂಟರೂ ಸಿಗುತ್ತಾರೆ.

ರೆಜಿಮೆಂಟ್ ತಯಾರಾಗುತ್ತಿದ್ದಾಗಲೇ, ಆ ಆಗಸ್ಟ್‌ನಲ್ಲಿ, ಮಿನ್ನೆಸೋಟದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ಯುದ್ಧ ಶುರುವಾಯಿತು. 1851ರ ಎರಡು ಒಪ್ಪಂದಗಳಿಂದ ಡಕೋಟಾ ಜನ ದಕ್ಷಿಣ ಮಿನ್ನೆಸೋಟದ ಬಹುಪಾಲು ನೆಲ ಕಳೆದುಕೊಂಡಿದ್ದರು. ಅದರ ಬದಲಿಗೆ ಬರಬೇಕಿದ್ದ ವಾರ್ಷಿಕ ಹಣ 1862ರ ಬೇಸಿಗೆಯಲ್ಲಿ ತಡವಾಯಿತು, ಜನ ಹಸಿದಿದ್ದರು. ಯುದ್ಧದಲ್ಲಿ ನೂರಾರು ವಲಸಿಗರು ಸತ್ತರು. ಯುದ್ಧ ಮುಗಿದ ಮೇಲೆ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಹೆಂಗಸರು, ಮಕ್ಕಳು, ಮುದುಕರು ಸೇರಿ ಸಾವಿರಕ್ಕೂ ಹೆಚ್ಚು ಜನರನ್ನು ಆ ಚಳಿಗಾಲ ಫೋರ್ಟ್ ಸ್ನೆಲ್ಲಿಂಗ್‌ನಲ್ಲಿ ಕೂಡಿಹಾಕಿದರು. 1863ರಲ್ಲಿ ಒಪ್ಪಂದಗಳನ್ನೇ ರದ್ದು ಮಾಡಿ ಅವರನ್ನು ರಾಜ್ಯದಿಂದ ಹೊರಗಟ್ಟಿದರು. ಅಳಿಯನ ಮನೆತನದ 160 ಎಕರೆ ಯಾರ ನೆಲವಾಗಿತ್ತು ಎಂಬುದು ವಂಶಾವಳಿಯ ಹೊರಗಿನ ಮಾತಲ್ಲ. ಜಮೀನಿನ ಪುಟದಲ್ಲಿ ಒಪ್ಪಂದದ ಹೆಸರು, ವರ್ಷ ಎರಡನ್ನೂ ಮೊಮ್ಮಗಳು ಬರೆಯಲಿ.

ಇದೇ ಘಟನೆಯಿಂದ ಇನ್ನೊಂದು ದಾಖಲೆ ಹುಟ್ಟಿದೆ. ಮನೆ, ಪೈರು, ದನ ಕಳೆದುಕೊಂಡ ವಲಸಿಗರು 1863ರ ಫೆಬ್ರವರಿ 16ರ ಕಾನೂನಿನಂತೆ ಪರಿಹಾರ ಕೇಳಿದರು. ಹಣ ಕೊಟ್ಟಿದ್ದು ಡಕೋಟಾ ಜನರಿಗೆ ಸಲ್ಲಬೇಕಿದ್ದ ನಿಧಿಯಿಂದ. ಮನೆತನ ಯುದ್ಧ ನಡೆದ ಸೀಮೆಯಲ್ಲಿದ್ದಿದ್ದರೆ ಆ ಅರ್ಜಿಗಳನ್ನೂ ನೋಡಿ. ಎತ್ತು ಎಷ್ಟು, ಗೋಧಿ ಎಷ್ಟು ಬುಷೆಲ್, ಒಲೆಯ ಬೆಲೆ ಎಷ್ಟು ಎಂದು ಮನೆಯ ಸಾಮಾನುಗಳ ಪಟ್ಟಿಯೇ ಅಲ್ಲಿರಬಹುದು. ಆ ವಾರಗಳಲ್ಲಿ ಊರು ಕಾಯಲು ಕೂಡಿದ ಸ್ಥಳೀಯ ದಳಗಳಲ್ಲಿ ಕೆಲವೇ ದಿನ ಇದ್ದವರ ಹೆಸರು ಕೇಂದ್ರದ ದಾಖಲೆಯಲ್ಲಿ ಇಲ್ಲದಿರಬಹುದು, ಸೇಂಟ್ ಪಾಲ್‌ನ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯಲ್ಲಿ ರಾಜ್ಯದ ಪಟ್ಟಿಗಳನ್ನು ಹುಡುಕಬೇಕು.

6ನೇ ರೆಜಿಮೆಂಟಿನ ಜನ ಡಕೋಟಾ ಯುದ್ಧದ ಬರ್ಚ್ ಕೂಲಿ ಮತ್ತು ವುಡ್ ಲೇಕ್ ಕಾಳಗಗಳಲ್ಲಿದ್ದರು, 1863ರಲ್ಲಿ ಸೇನಾಧಿಕಾರಿ ಹೆನ್ರಿ ಸಿಬ್ಲಿಯ ದಂಡಿನ ಜೊತೆ ಡಕೋಟಾ ಪ್ರದೇಶಕ್ಕೆ ಹೋದರು. ದಕ್ಷಿಣಕ್ಕೆ ಇಳಿದದ್ದು 1864ರ ಬೇಸಿಗೆಯಲ್ಲಿ, ಆರ್ಕನ್ಸಾ ರಾಜ್ಯದ ಹೆಲೆನಾಗೆ. ಮಿಸಿಸಿಪಿ ನದಿಯ ಜೌಗಿನ ಆ ಊರಿನಲ್ಲಿ ಮಲೇರಿಯಾ ಮತ್ತು ಭೇದಿ ಅವರನ್ನು ನೆಲಕ್ಕೆ ಹಾಕಿದವು. ಕರ್ತವ್ಯಕ್ಕೆ ನಿಲ್ಲಬಲ್ಲವರಿಗಿಂತ ಮಲಗಿದವರೇ ಹೆಚ್ಚಾದರು. 1865ರ ಏಪ್ರಿಲ್‌ನಲ್ಲಿ ಅಲಬಾಮಾ ರಾಜ್ಯದ ಮೊಬೀಲ್ ಬಳಿಯ ಮುತ್ತಿಗೆಯಲ್ಲಿ ಭಾಗವಹಿಸಿ, ಆಗಸ್ಟ್‌ನಲ್ಲಿ ಫೋರ್ಟ್ ಸ್ನೆಲ್ಲಿಂಗ್‌ನಲ್ಲಿ ಬಿಡುಗಡೆಯಾದರು. ಈ ರೆಜಿಮೆಂಟಿನಲ್ಲಿ ಗುಂಡಿಗಿಂತ ರೋಗಕ್ಕೆ ಬಲಿಯಾದವರು ಹಲವು ಪಟ್ಟು. ಬದುಕಿ ಬಂದವರ ಪಿಂಚಣಿ ಅರ್ಜಿಗಳಲ್ಲಿ ‘ಹೆಲೆನಾ, 1864, ಚಳಿಜ್ವರ’ ಎಂಬ ಮಾತು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದು.

ನಿಮ್ಮ ಹುಡುಕಾಟ ನಿಜವಾಗಿ ಶುರುವಾಗಬೇಕಾದದ್ದೂ ಪಿಂಚಣಿ ಕಡತದಿಂದಲೇ. ಎಲ್ಲರೂ ಮೊದಲು ಸೇವಾ ದಾಖಲೆಗೆ ಕೈಹಾಕುತ್ತಾರೆ. ಸೇವಾ ದಾಖಲೆಯಲ್ಲಿ ಸೈನ್ಯಕ್ಕೆ ಬೇಕಾದ್ದು ಮಾತ್ರ ಇರುತ್ತದೆ: ವಯಸ್ಸು, ಎತ್ತರ, ಹಾಜರಿ. ಹೆಂಡತಿಯ ಹೆಸರು ಸೈನ್ಯಕ್ಕೆ ಬೇಕಿರಲಿಲ್ಲ, ಪಿಂಚಣಿ ಕಚೇರಿಗೆ ಬೇಕಿತ್ತು. ಹಣ ಕೊಡುವವರು ಪುರಾವೆ ಕೇಳಿದರು, ಆ ಪುರಾವೆಗಳೇ ಇಂದು ಕುಟುಂಬದ ಇತಿಹಾಸ. ಮದುವೆಯ ಚರ್ಚ್ ಪತ್ರ, ಮಕ್ಕಳ ಹುಟ್ಟಿದ ದಿನ, ಹೆರಿಗೆ ಮಾಡಿಸಿದವಳ ಪ್ರಮಾಣಪತ್ರ, ಹುಟ್ಟು ಮದುವೆಗಳನ್ನು ಬರೆದಿಟ್ಟ ಮನೆಯ ಬೈಬಲ್ಲಿನಿಂದ ಹರಿದುಕೊಟ್ಟ ಹಾಳೆ, ಒಂದೇ ಹಡಗಿನಲ್ಲಿ ಬಂದವನ ಹೇಳಿಕೆ, ವೈದ್ಯರ ತಪಾಸಣಾ ವರದಿ ಎಲ್ಲವೂ ಸಿಗಬಹುದು. 1898ರಲ್ಲಿಯೂ 1915ರಲ್ಲಿಯೂ ಪಿಂಚಣಿ ಕಚೇರಿ ಒಂದು ಪ್ರಶ್ನಾಪತ್ರ ಕಳಿಸಿತ್ತು. ಹೆಂಡತಿಯ ತವರಿನ ಹೆಸರು, ಮದುವೆ ಎಲ್ಲಿ, ಮಾಡಿಸಿದವರು ಯಾರು, ಹಿಂದೆ ಮದುವೆಯಾಗಿತ್ತೇ, ಬದುಕಿರುವ ಮಕ್ಕಳು ಯಾರು ಎಂದೆಲ್ಲ ಅದರಲ್ಲಿದೆ. ಕಡತ ಬಂದ ಕೂಡಲೇ ಈ ಹಾಳೆಯನ್ನು ಹುಡುಕಿ.

ಯಾವ ಕಾನೂನಿನಡಿ ಅರ್ಜಿ ಹಾಕಿದ್ದಾರೆ ಎಂಬುದು ಕಡತದ ದಪ್ಪವನ್ನು ಹೇಳುತ್ತದೆ. 1862ರ ಕಾನೂನಿನಲ್ಲಿ ಕಾಯಿಲೆ ಅಥವಾ ಗಾಯ ಸೇವೆಯಲ್ಲೇ ಬಂತೆಂದು ತೋರಿಸಬೇಕಿತ್ತು. ಪೂರ್ಣ ಅಂಗವೈಕಲ್ಯಕ್ಕೆ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 8 ಡಾಲರ್. ತೋರಿಸುವುದು ಕಷ್ಟವಾಗಿದ್ದರಿಂದ ಸಹಸೈನಿಕರ ಹೇಳಿಕೆಗಳು ರಾಶಿ ಬೀಳುತ್ತಿದ್ದವು, ಇಂಥ ಕಡತ ಸಿಕ್ಕರೆ ಅದೃಷ್ಟ. 1890ರ ಜೂನ್ 27ರ ಕಾನೂನಿನಲ್ಲಿ 90 ದಿನ ಸೇವೆ, ಗೌರವದ ಬಿಡುಗಡೆ, ಈಗ ಮೈಮುರಿದು ದುಡಿಯಲಾರದ ಸ್ಥಿತಿ ಇಷ್ಟಿದ್ದರೆ ಸಾಕು, 6ರಿಂದ 12 ಡಾಲರ್. 1907ರಿಂದ 62 ವರ್ಷವಾದರೆ 12, 70ಕ್ಕೆ 15, 75ಕ್ಕೆ 20 ಡಾಲರ್. ವಯಸ್ಸಿನ ಮೇಲೆ ಹಣ ನಿಂತಾಗ ಹುಟ್ಟಿದ ತಾರೀಖಿಗೆ ಪುರಾವೆ ಕೇಳಿದರು. ನಾರ್ವೆಯಲ್ಲಿ ಹುಟ್ಟಿದವರು ಆಗ ಊರಿನ ಪಾದ್ರಿಗೆ ಬರೆದು ಜ್ಞಾನಸ್ನಾನದ ಪತ್ರ ತರಿಸಿರಬಹುದು. ಆ ಪತ್ರ ಕಡತದಲ್ಲಿದ್ದರೆ ನಿಮ್ಮ ಕೆಲಸದಲ್ಲಿ ಅರ್ಧ ಮುಗಿದಂತೆ.

ತರಿಸುವ ಕ್ರಮ ಹೀಗಿದೆ. ಪಿಂಚಣಿಗೆ ಎರಡು ಸೂಚಿಗಳಿವೆ, ಒಂದು ಹೆಸರಿನ ಪ್ರಕಾರ, ಇನ್ನೊಂದು ರೆಜಿಮೆಂಟ್ ಮತ್ತು ಕಂಪನಿಯ ಪ್ರಕಾರ. ವಂಶಾವಳಿಯ ದೊಡ್ಡ ಜಾಲತಾಣಗಳಲ್ಲಿ ಎರಡೂ ಇವೆ. ಚಂದಾ ಬೇಕಾದವಕ್ಕೆ ಅಮೆರಿಕದ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಉಚಿತ ಪ್ರವೇಶವಿದೆ, ಅಳಿಯ ಅಲ್ಲಿ ಕೂತು ನೋಡಲಿ. ಹೆಸರಿನಿಂದ ಸಿಗದಿದ್ದರೆ ಕಂಪನಿಯ ಸೂಚಿಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ನೂರೈವತ್ತು ಕಾರ್ಡು ಆದರೂ ಸರಿ. ಕಾರ್ಡಿನಲ್ಲಿ ‘ಇನ್ವ್ಯಾಲಿಡ್’ ಎಂದಿರುವುದು ಸಿಪಾಯಿಯ ಅರ್ಜಿ, ‘ವಿಡೋ’ ಹೆಂಡತಿಯದು, ‘ಮೈನರ್’ ಹದಿನಾರು ತುಂಬದ ಮಕ್ಕಳದು. ಅರ್ಜಿ ಸಂಖ್ಯೆಯ ಪಕ್ಕ ಮಂಜೂರಾತಿ ಸಂಖ್ಯೆ ಇದ್ದರೆ ಹಣ ಬಂದಿದೆ ಎಂದರ್ಥ. ಎಲ್ಲ ಸಂಖ್ಯೆಗಳನ್ನೂ ಬರೆದುಕೊಳ್ಳಿ, ಕೊನೆಯ ಸಂಖ್ಯೆಯಡಿ ಹಿಂದಿನವು ಕೂಡಿಕೊಂಡಿರುತ್ತವೆ. ಸಂಖ್ಯೆಯ ಹಿಂದೆ ‘ಎಕ್ಸ್‌ಸಿ’ ಎಂದಿದ್ದರೆ ಕಡತ ಬೇರೆ ಕಡೆ ಇರುವ ಸಾಧ್ಯತೆಯಿದೆ, ಅರ್ಜಿ ಕಳಿಸುವ ಮೊದಲು ವಿಚಾರಿಸಿ.

ಪಿಂಚಣಿ ಕಡತಕ್ಕೆ ರಾಷ್ಟ್ರೀಯ ಪತ್ರಾಗಾರದ 85ನೇ ನಮೂನೆ, ಸೇವಾ ದಾಖಲೆಗೆ 86ನೇ ನಮೂನೆ. ಎರಡನ್ನೂ ಆನ್‌ಲೈನಿನಲ್ಲೇ ಕಳಿಸಬಹುದು. ಪೂರ್ತಿ ಕಡತಕ್ಕೆ ಮೊದಲ ನೂರು ಪುಟದವರೆಗೆ 80 ಡಾಲರ್, ಸೇವಾ ದಾಖಲೆಗೆ 30 ಡಾಲರ್ ದರ ನಡೆದುಬಂದಿದೆ, ಕಟ್ಟುವ ದಿನ ಒಮ್ಮೆ ನೋಡಿಕೊಳ್ಳಿ. ಕಡಿಮೆ ಹಣಕ್ಕೆ ಆಯ್ದ ಪುಟಗಳ ಕಟ್ಟು ಸಿಗುತ್ತದೆ, ಅದನ್ನು ತರಿಸಬೇಡಿ. ಯಾವ ಪುಟ ಮುಖ್ಯ ಎಂದು ಗುಮಾಸ್ತರು ಆರಿಸಿದ್ದರಲ್ಲಿ ನೆರೆಯವರ ಹೇಳಿಕೆಗಳು ಬಿಟ್ಟುಹೋಗುತ್ತವೆ.

ಸೇವಾ ದಾಖಲೆ ಬಂದಾಗ ಅದು ಸಣ್ಣ ಸಣ್ಣ ಕಾರ್ಡುಗಳ ಕಟ್ಟು. ಯುದ್ಧಕಾಲದ ಮೂಲ ಹಾಜರಿ ಪಟ್ಟಿಗಳಿಂದ ಗುಮಾಸ್ತರು ದಶಕಗಳ ನಂತರ ನಕಲು ಮಾಡಿದ್ದು. ಎರಡು ತಿಂಗಳಿಗೊಂದು ಹಾಜರಿ. ‘ಗೈರು, ಆಸ್ಪತ್ರೆ’ ಎಂದಿದ್ದರೆ ಆಸ್ಪತ್ರೆಯ ಕಾರ್ಡುಗಳನ್ನು ಪ್ರತ್ಯೇಕವಾಗಿ ಕೇಳಬೇಕು, ತಾವಾಗಿ ಬರುವುದಿಲ್ಲ. ‘ಪಲಾಯನ’ ಎಂಬ ಪದ ಕಂಡರೆ ಗಾಬರಿಯಾಗಬೇಡಿ. ರಜೆ ಮುಗಿದು ಕಾಯಿಲೆ ಬಿದ್ದವರನ್ನೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿದವರನ್ನೂ ಹಾಗೆ ಬರೆದದ್ದುಂಟು. ಮುಂದಿನ ಕಾರ್ಡುಗಳಲ್ಲಿ ಆ ಆರೋಪ ತೆಗೆದುಹಾಕಿದ ಟಿಪ್ಪಣಿ ಇದೆಯೇ ನೋಡಿ. ಪಿಂಚಣಿ ಮಂಜೂರಾಗಿದ್ದರೆ ಆರೋಪ ನಿಂತಿಲ್ಲವೆಂದೇ ತಿಳಿಯಬಹುದು. ಸೇರಿದ ಊರು ಬೇರೆ, ವಾಸದ ಊರು ಬೇರೆ ಎಂಬುದನ್ನೂ ಮರೆಯಬೇಡಿ. ಹೆಚ್ಚು ಇನಾಮು ಕೊಡುವ ಊರಿನ ಲೆಕ್ಕಕ್ಕೆ ಹೆಸರು ಬರೆಸಿದವರಿದ್ದರು.

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರು. ನಾರ್ವೆಯ ಹಳ್ಳಿಗರಿಗೆ ಆಗ ಸ್ಥಿರವಾದ ಮನೆತನದ ಹೆಸರಿರಲಿಲ್ಲ. ಲಾರ್ಸ್‌ನ ಮಗ ಊಲೆ, ಊಲೆ ಲಾರ್ಸನ್. ಅವನ ಮಗ ಓಲ್ಸನ್. ಅದರ ಮುಂದೆ ತೋಟದ ಹೆಸರು. ನಮ್ಮಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ ಇನಿಷಿಯಲ್ ಆಗಿ ಕೂರುವ ಹಾಗೆಯೇ ಇದು, ನಿಮ್ಮ ಮೊಮ್ಮಗಳಿಗೆ ಬೇಗ ಹಿಡಿಸುತ್ತದೆ. ಸೈನ್ಯದ ಗುಮಾಸ್ತ ತಂದೆಯ ಹೆಸರು ಬರೆದುಕೊಂಡ, ಭೂಕಚೇರಿಯವನು ತೋಟದ ಹೆಸರು ಬರೆದುಕೊಂಡ, ಒಬ್ಬನೇ ಮನುಷ್ಯ ಇಬ್ಬರಾದ. ತದ್ವಿರುದ್ಧವೂ ಆಗುತ್ತದೆ: ಒಂದೇ ರೆಜಿಮೆಂಟಿನಲ್ಲಿ ಇಬ್ಬರು ಮೂವರು ಊಲೆ ಓಲ್ಸನ್ನರಿದ್ದು, ಜಾಲತಾಣಗಳ ವಂಶವೃಕ್ಷಗಳಲ್ಲಿ ಒಬ್ಬರಾಗಿ ಬೆಸೆದುಹೋಗಿರುತ್ತಾರೆ. ಹೆಸರು ಮತ್ತು ವಯಸ್ಸು ಹೊಂದಿತೆಂದು ಒಪ್ಪಿಕೊಳ್ಳಬೇಡಿ. ವಯಸ್ಸು ಎರಡು ಮೂರು ವರ್ಷ ಹಿಂದೆ ಮುಂದೆ ಇರುವುದು ಸಾಮಾನ್ಯ. ಹೆಂಡತಿಯ ಹೆಸರು, ಸೆಕ್ಷನ್ ಟೌನ್‌ಶಿಪ್ ರೇಂಜ್, ಸಾಕ್ಷಿ ಹೇಳಿದ ನೆರೆಯವರು, ಸಹಿಯ ಕೈಬರಹ, ಇವುಗಳಲ್ಲಿ ಎರಡಾದರೂ ಬೇರೆ ಬೇರೆ ಕಚೇರಿಯ ಕಾಗದಗಳಲ್ಲಿ ಕೂಡಿಬರಬೇಕು. ಹೋಮ್‌ಸ್ಟೆಡ್ ಕಡತದ ಸಾಕ್ಷಿಗಳ ಹೆಸರು ಬರೆದಿಡಿ ಎಂದದ್ದು ಇದಕ್ಕೇ. ಅದೇ ಇಬ್ಬರು ಪಿಂಚಣಿ ಕಡತದಲ್ಲೂ ಇವನನ್ನು ಬಲ್ಲೆವು ಎಂದಿದ್ದರೆ ಮನುಷ್ಯ ಒಬ್ಬನೇ.

ಜನಗಣತಿಯನ್ನು ಈ ಚೌಕಟ್ಟು ತುಂಬಲು ಬಳಸಿ. 1857ರ ಮಿನ್ನೆಸೋಟ ಪ್ರಾಂತ್ಯದ ಗಣತಿಯಲ್ಲಿ ಕೆಲವು ಗಡಿ ಕೌಂಟಿಗಳ ಹೆಸರುಗಳೇ ಕಟ್ಟುಕತೆ, ಅಲ್ಲಿ ಸಿಕ್ಕಿದ್ದನ್ನು ಇನ್ನೊಂದು ದಾಖಲೆಯಿಂದ ದೃಢಪಡಿಸಿಕೊಳ್ಳಿ. 1865ರ ರಾಜ್ಯ ಗಣತಿಯಲ್ಲಿ ಸೇವೆಯಲ್ಲಿರುವವರಿಗೆ ಗುರುತಿದೆ. 1880ರಿಂದ ಕೇಂದ್ರದ ಗಣತಿಯಲ್ಲಿ ಮನೆಯ ಯಜಮಾನನಿಗೆ ಪ್ರತಿಯೊಬ್ಬರ ನಂಟು ಬರೆದಿದೆ, 1900ರಲ್ಲಿ ಹುಟ್ಟಿದ ತಿಂಗಳು ಮತ್ತು ವಲಸೆ ಬಂದ ವರ್ಷ. 1890ರ ಗಣತಿ ಬೆಂಕಿಯಲ್ಲಿ ಹಾಳಾದರೂ ಒಕ್ಕೂಟದ ನಿವೃತ್ತ ಸಿಪಾಯಿಗಳ ಮತ್ತು ವಿಧವೆಯರ ಪ್ರತ್ಯೇಕ ಪಟ್ಟಿ ಮಿನ್ನೆಸೋಟಕ್ಕೆ ಉಳಿದಿದೆ. ಅದರಲ್ಲಿ ರೆಜಿಮೆಂಟ್, ಕಂಪನಿ, ಸೇವೆಯ ತಾರೀಖು, ಕಾಯಿಲೆ ನಾಲ್ಕೂ ಸಿಗುತ್ತವೆ. 1910ರಲ್ಲಿ ‘ಯುಎ’ (ಯೂನಿಯನ್ ಆರ್ಮಿ) ಎಂಬ ಎರಡಕ್ಷರ ಕಂಡರೆ ಅವನು ಒಕ್ಕೂಟ ಸೈನ್ಯದವನು.

ನಾರ್ವೆಯ ಕಡೆಗೆ ಕೊನೆಯಲ್ಲಿ ಹೋಗಿ. ಆ ದೇಶದ ಡಿಜಿಟಲ್ ಪತ್ರಾಗಾರದಲ್ಲಿ ಚರ್ಚ್ ದಾಖಲೆಗಳು ಉಚಿತವಾಗಿವೆ, ಊರು ಬಿಟ್ಟು ಹೋದವರನ್ನು ಬರೆದ ಪಟ್ಟಿಗಳೂ ಅವುಗಳಲ್ಲಿವೆ. ಆದರೆ ‘ನಾರ್ವೆಯವನು’ ಎಂಬಷ್ಟೇ ಹಿಡಿದು ಹೋದರೆ ಸಾವಿರ ಊಲೆಗಳು ಎದುರಾಗುತ್ತಾರೆ. ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಯ ಸೀಮೆಯ) ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಮೂರೂ ಕೈಯಲ್ಲಿರಬೇಕು. ಪಿಂಚಣಿ ಕಡತದಲ್ಲಿ ಪ್ಯಾರಿಷ್ ಸಿಗದಿದ್ದರೆ ಮಿನ್ನೆಸೋಟದ ಅವರ ಲೂಥರನ್ ಚರ್ಚಿನ ಪುಸ್ತಕ ನೋಡಿ, ಸದಸ್ಯರ ಹುಟ್ಟೂರನ್ನು ಪಾದ್ರಿಗಳು ಬಹಳ ಕಡೆ ಅಲ್ಲಿ ಬರೆದಿಟ್ಟಿದ್ದಾರೆ.

ಈ ವಾರ ಮಾಡಬೇಕಾದದ್ದು ಎರಡೇ. ಗೋರಿಕಲ್ಲಿನ ಕಂಪನಿಯ ಅಕ್ಷರ ಸ್ಪಷ್ಟವಾಗಿ ಕಾಣುವ ಫೋಟೋ ಅಳಿಯ ತೆಗೆಯಲಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಓದಲು ಬರುತ್ತದೆ, ಕಲ್ಲನ್ನು ಉಜ್ಜುವುದು ಬೇಡ. ಆಮೇಲೆ ಪಿಂಚಣಿ ಸೂಚಿಯಲ್ಲಿ ಕಾರ್ಡು ಹುಡುಕಿ ಅದರ ಎಲ್ಲ ಸಂಖ್ಯೆಗಳನ್ನೂ ನಮೂದಿಸಿ ಪೂರ್ತಿ ಕಡತಕ್ಕೆ ಅರ್ಜಿ ಕಳಿಸಿ. ಕಡತ ಬರಲು ವಾರಗಳೇ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಜಮೀನಿನ ಹಕ್ಕುಪತ್ರವನ್ನೂ 1890ರ ಸಿಪಾಯಿಗಳ ಪಟ್ಟಿಯನ್ನೂ ಮೊಮ್ಮಗಳೇ ಕೂತು ನೋಡಿ ಮುಗಿಸಬಹುದು.